ಸೋಮವಾರದ ಭಾಷಣ: ಎಂಟನೇ ತರಗತಿ ಪೋಷಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಮಕ್ಕಳು ಒಬ್ಬೊಬ್ಬರಾಗಿ ಮೂರು ನಿಮಿಷ ಮಾತಾಡಬೇಕು. ವಿಷಯ ಕನ್ನಂಬಾಡಿ ಕಟ್ಟೆ, ಅಂದರೆ ನಮ್ಮ ಕೆಆರ್‌ಎಸ್ ಅಣೆಕಟ್ಟು.

ದಯವಿಟ್ಟು ನೀವೇ ಬರೆದುಕೊಟ್ಟು ಬಾಯಿಪಾಠ ಮಾಡಿಸಬೇಡಿ. ಒಂದು ಪದ ಮರೆತರೂ ಮಗು ಅಲ್ಲೇ ನಿಂತುಬಿಡುತ್ತದೆ. ಚೀಟಿಯಲ್ಲಿ ನಾಲ್ಕೈದು ಪದ ಸಾಕು: ಕಾವೇರಿ, 1911 (ಕಟ್ಟೆ ಕೆಲಸ ಶುರುವಾದ ವರ್ಷ), ಸುರ್ಕಿ ಗಾರೆ (ಇಟ್ಟಿಗೆ ಪುಡಿ, ಸುಣ್ಣದ ಮಿಶ್ರಣ), 124.80 ಅಡಿ (ಕಟ್ಟೆ ತುಂಬಿದಾಗಿನ ನೀರಿನ ಮಟ್ಟ), ಹೀಗೆ. ಉಳಿದದ್ದು ಅವರ ಮಾತಲ್ಲೇ ಬರಲಿ.

ಶುರು ಮಾಡೋದೇ ಕಷ್ಟ. "ಎಲ್ಲರಿಗೂ ಶುಭೋದಯ, ನಾನು ಇಂದು..." ಅಂತ ಇಡೀ ತರಗತಿ ಸಾಲಾಗಿ ಹೇಳಿದರೆ ಯಾರು ಕೇಳುತ್ತಾರೆ, ಅಲ್ವಾ? ಅದರ ಬದಲು, "ಮಳೆಗಾಲದಲ್ಲಿ ಟಿವಿಯವರು 124.80 ಅಡಿ ಅಂತಾರಲ್ಲ, ಅದೇನು ಗೊತ್ತಾ?" ಅಂತ ಕೇಳಿ ಒಂದು ಕ್ಷಣ ಸುಮ್ನೆ ನಿಲ್ಲಲಿ. ಎಲ್ಲರೂ ತಲೆ ಎತ್ತುತ್ತಾರೆ. ಕಟ್ಟೆಗೆ ಸಿಮೆಂಟ್ ಬದಲು ಸುರ್ಕಿ ಬಳಸಿದರು ಅನ್ನುವಾಗ ಒಂದು ಹಿಡಿ ಇಟ್ಟಿಗೆ ಪುಡಿ, ಸುಣ್ಣ ತೋರಿಸಿದರೆ ಇನ್ನೂ ಚೆನ್ನ.

ಅಭ್ಯಾಸ ಅಜ್ಜಿ ತಾತನ ಮುಂದೆ ನಿಂತು, ಗಟ್ಟಿಯಾಗಿ. ಕನ್ನಡಿ ಮುಂದೆ ಬೇಡ. ಕನ್ನಡಿ ಆಕಳಿಸುವುದಿಲ್ಲ!

ಚಾರ್ಟು, ಪಿಪಿಟಿ ಯಾವುದೂ ಬೇಕಿಲ್ಲ. ಯಾರ ಸರದಿ ಯಾವತ್ತು ಅನ್ನೋ ಪಟ್ಟಿಯನ್ನು ಶುಕ್ರವಾರ ಇಲ್ಲೇ ಹಾಕುತ್ತೇನೆ.