ಮೊದಲ ಸಂಪುಟ ಅರ್ಧಕ್ಕೇ ನಿಲ್ಲಬಾರದು

ಮಾನ್ಯರೇ,

ಫ್ಯಾಂಟಸಿ ಕಾದಂಬರಿ ಮಾಲಿಕೆಯ ಮೊದಲ ಸಂಪುಟವನ್ನು ವಿಮರ್ಶಿಸುವವರು ಕಥಾಸಾರ ಹೇಳಿ, ‘ಮುಂದಿನ ಭಾಗಕ್ಕೆ ಕಾಯೋಣ’ ಎಂದು ಮುಗಿಸಿದರೆ ಸಾಲದು. ಐನೂರು ಪುಟ ಓದಿಸಿದ ಪುಸ್ತಕ ತಾನೆತ್ತಿದ ಒಂದು ಪ್ರಶ್ನೆಯನ್ನಾದರೂ ಬಗೆಹರಿಸಿತೇ ಎಂಬುದನ್ನು ಮೊದಲು ತಿಳಿಸಬೇಕು. ಸಾಮ್ರಾಜ್ಯ ಉಳಿಯಿತೋ ಅಳಿಯಿತೋ ಎಂಬುದು ಕೊನೆಯ ಸಂಪುಟದವರೆಗೂ ಕಾಯಲಿ. ಆದರೆ ಆರಂಭದಲ್ಲಿ ಕಾಣೆಯಾದ ತಮ್ಮ ಸಿಕ್ಕನೇ, ಮುತ್ತಿಗೆ ಹಾಕಿದ ಕೋಟೆ ಬಿತ್ತೇ ಎಂಬುದು ಅಲ್ಲೇ ಗೊತ್ತಾಗಬೇಕು. ಹಾಗಾಗದಿದ್ದರೆ ಅದು ಒಂದು ಕಾದಂಬರಿಯ ಅರ್ಧ ಭಾಗ ಮಾತ್ರ.

ಬಹಳ ಪುಸ್ತಕಗಳು ಎಡವುವುದು ಮೊದಲ ಮೂವತ್ತು ಪುಟಗಳಲ್ಲೇ. ಸಾವಿರ ವರ್ಷದ ಹಿಂದಿನ ಯುದ್ಧ, ಏಳು ವಂಶ, ಇಪ್ಪತ್ತು ಹೆಸರು. ಅವುಗಳಲ್ಲಿ ಮುಂದೆ ಬೇಕಾಗುವವು ಎರಡೋ ಮೂರೋ. ನಮ್ಮ ಬಯಲಾಟದಲ್ಲಿ ವೇಷ ಬಂದಾಗ ಸಾರಥಿ ಒಬ್ಬೊಬ್ಬರನ್ನೇ ನಿಲ್ಲಿಸಿ ಹೆಸರು, ಊರು ಕೇಳುತ್ತಾನಲ್ಲ, ಆ ನಿಧಾನ ಇಲ್ಲಿಯೂ ಬೇಕು. ಮೊದಲ ನೂರು ಪುಟಕ್ಕೆ ಮೂವರ ಕಣ್ಣಿನಿಂದ ಕಥೆ ನಡೆದರೆ ಸಾಕು. ಕೊನೆಯಲ್ಲಿ ಕೊಟ್ಟ ಪಾತ್ರಗಳ ಪಟ್ಟಿಯನ್ನು ಪದೇ ಪದೇ ತಿರುವಬೇಕಾದರೆ ಅದು ಓದುಗರ ಮರೆವಲ್ಲ, ಲೇಖಕರ ಅವಸರ.

ಮಾಂತ್ರಿಕ ಶಕ್ತಿಯ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಹುಡುಗಿಯೊಬ್ಬಳು ಮಂತ್ರ ಹೇಳಿ ಬತ್ತಿದ ಕೆರೆ ತುಂಬಿಸುತ್ತಾಳೆ ಎನ್ನೋಣ. ಆ ನೀರು ಎಲ್ಲಿಂದ ಬಂತು? ಮೇಲಿನ ಊರಿನ ಬಾವಿಗಳು ಅದೇ ರಾತ್ರಿ ಬತ್ತಿದವು ಎಂದು ಬರೆದರೆ ಶಕ್ತಿಗೆ ಬೆಲೆ ಬಂತು, ಜಗಳಕ್ಕೆ ಕಾರಣವೂ ಸಿಕ್ಕಿತು. ಈ ಲೆಕ್ಕ ಪುಸ್ತಕದ ಮೊದಲ ಕಾಲು ಭಾಗದೊಳಗೆ ಕಾಣಬೇಕು. ಕೊನೆಯ ಕಾಳಗದಲ್ಲಿ ದಿಢೀರನೆ ಹೊಸ ಶಕ್ತಿ ಮೂಡಿ ನಾಯಕ ಗೆದ್ದರೆ, ಹಿಂದಿನ ಪ್ರತಿ ಅಪಾಯವೂ ಸುಳ್ಳಾಗುತ್ತದೆ.

ಕಲ್ಪನೆಯ ಲೋಕ ಕಟ್ಟುವ ಲೇಖಕರು ರಾಯಚೂರು ಕೋಟೆಗೊಮ್ಮೆ ಬರಲಿ. ಪಶ್ಚಿಮದ ಗೋಡೆಯಲ್ಲಿ 1294ರ ಶಾಸನವಿರುವ, 41 ಅಡಿಗೂ ಮೀರಿದ ಉದ್ದದ ಕಲ್ಲಿದೆ. ಅದನ್ನು ಸಾಗಿಸಿದ ಬಗೆಯನ್ನೂ ಕಲ್ಲಿನಲ್ಲೇ ಕೊರೆದಿದ್ದಾರೆ: ಉದ್ದನೆಯ ಬಂಡಿ, ಮುಂದೆ ಕೋಣಗಳ ಸಾಲು, ಹಿಂದೆ ಗಾಲಿಗೆ ಸನ್ನೆಗೋಲು ಕೊಡುತ್ತಿರುವ ಆಳುಗಳು. ‘ಭವ್ಯ ಕೋಟೆ ಎದ್ದು ನಿಂತಿತ್ತು’ ಎಂಬ ಸಾಲಿಗಿಂತ ಆ ಸನ್ನೆಗೋಲು ಹೆಚ್ಚು ನಂಬಿಸುತ್ತದೆ. ಕೃಷ್ಣಾ-ತುಂಗಭದ್ರಾ ನಡುವಿನ ಈ ನೆಲಕ್ಕಾಗಿ ಬಹಮನಿ ಮತ್ತು ವಿಜಯನಗರ ತಲೆಮಾರುಗಟ್ಟಲೆ ಕಾದಾಡಿದವು. ಕಲ್ಪನೆಯ ರಾಜರ ಯುದ್ಧಕ್ಕೂ ಇಂಥ ನೆಲ, ನೀರು, ಬೆಳೆಯ ಕಾರಣ ಬೇಕು; ಬರೀ ದುಷ್ಟತನ ಸಾಲದು. ನಕಾಶೆ ಕೊಟ್ಟರೆ ದೂರದ ಲೆಕ್ಕವೂ ಸರಿಯಿರಲಿ. ಸರಕು ತುಂಬಿದ ಎತ್ತಿನ ಬಂಡಿ ದಿನಕ್ಕೆ 25 ಕಿ.ಮೀ. ದಾಟುವುದೇ ಕಷ್ಟ. ದಂಡು ಮೂರೇ ದಿನಕ್ಕೆ ರಾಜ್ಯದ ಆಚೆ ತುದಿ ಮುಟ್ಟಿದರೆ ಅಲ್ಲಿಗೆ ನಂಬಿಕೆ ಮುರಿಯಿತು.

ಎಲ್ಲವನ್ನೂ ವಿವರಿಸಲೂಬಾರದು. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಶಿಲಾಸಮಾಧಿಗಳನ್ನು ಜನ ಮೋರ್ಯರೆಂಬ ಕುಳ್ಳ ಜನರ ಮನೆಗಳೆಂದು ಹೇಳುತ್ತ ಬಂದಿದ್ದಾರೆ. ಚಪ್ಪಡಿಯಲ್ಲಿ ಕೊರೆದ ಆ ದುಂಡು ಕಿಂಡಿಯನ್ನು ಕಂಡವರಿಗೆ ಕಥೆ ತಾನಾಗಿಯೇ ಹುಟ್ಟುತ್ತದೆ.

ಆದ್ದರಿಂದ ಪುಸ್ತಕ ಪುಟದಲ್ಲಿ ಇಂಥ ಕೃತಿಯ ಪರಿಚಯ ಬಂದಾಗ, ಒಟ್ಟು ಎಷ್ಟು ಸಂಪುಟ, ಎಷ್ಟು ಪ್ರಕಟವಾಗಿವೆ, ಮೊದಲನೆಯದನ್ನಷ್ಟೇ ಓದಿ ನಿಲ್ಲಿಸಬಹುದೇ ಎಂಬ ಮೂರು ವಿವರಗಳನ್ನು ಬೆಲೆ, ಪುಟಸಂಖ್ಯೆಯ ಜೊತೆಗೇ ಅಚ್ಚು ಮಾಡಿ.

– ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ