ಕೊಳ್ಳೋಕೆ ಅಡ್ಡಿಯಿಲ್ಲ, ಗುತ್ತಿಗೆಗೆ ಉಳೋಕೆ ಮಾತ್ರ ಯಾಕೆ?

ಮಾನ್ಯ ಕಂದಾಯ ಸಚಿವರೇ,

ನಮಸ್ಕಾರ. ಸುತ್ತಿ ಬಳಸದೆ ಹೇಳ್ತೀನಿ. ರಾಜ್ಯದ ಹಳ್ಳಿಹಳ್ಳಿಯಲ್ಲೂ ಇನ್ನೊಬ್ಬರ ಹೊಲವನ್ನು ಗುತ್ತಿಗೆಗೋ, ಬೆಳೆಯಲ್ಲಿ ಪಾಲು ಕೊಡುವ ಕೋರಿಗೋ ಹಿಡಿದು ಉಳುವವರಿದ್ದಾರೆ. ಇದು ನಿಮಗೂ ಗೊತ್ತು, ಗ್ರಾಮ ಆಡಳಿತ ಅಧಿಕಾರಿಗೂ ಗೊತ್ತು. ಗೊತ್ತಿಲ್ಲದಿರುವುದು ಜಮೀನಿನ ದಾಖಲೆಯಾದ ಪಹಣಿಗೆ ಮಾತ್ರ.

1974ರಲ್ಲಿ ದೇವರಾಜ ಅರಸು ಸರ್ಕಾರ ಗೇಣಿಯನ್ನೇ, ಅಂದರೆ ಹೊಲ ಗುತ್ತಿಗೆಗೆ ಕೊಡೋದನ್ನೇ, ರದ್ದು ಮಾಡಿತು. ಆಗ ಅದು ಬೇಕಿತ್ತು. ಶಿವಮೊಗ್ಗ ಜಿಲ್ಲೆಯ ಕಾಗೋಡಿನ ಗೇಣಿದಾರರು 1951ರಲ್ಲೇ ಸತ್ಯಾಗ್ರಹ ಮಾಡಿದ್ದರಲ್ಲ, ಅಂಥವರ ಮನೆಗಳಿಗೆ ಹೊಲ ಬಂದಿದ್ದು ಈ ಕಾನೂನಿಂದ. ಅದನ್ನು ಹಳಿಯುವ ಮಾತೇ ಇಲ್ಲ. ಆದರೆ ಸೈನಿಕರಂಥ ಕೆಲವರನ್ನು ಬಿಟ್ಟರೆ ಯಾರೂ ಜಮೀನು ಗೇಣಿಗೆ ಕೊಡಬಾರದು ಅಂತ ಈಗಲೂ ಇದೆ. ಹಾಗಂತ ಗೇಣಿ ನಿಂತಿತಾ? ಬಾಯಿಮಾತಿಗೆ ಇಳಿಯಿತು, ಅಷ್ಟೆ.

ಬಾಯಿಮಾತಿನ ಗುತ್ತಿಗೆ ಅಂದರೆ ಏನು ಅಂತ ಸ್ವಲ್ಪ ನೋಡಿ. ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲದ ಸಾಲ ಇದೆ, ಅದು ಪಹಣಿ ಇದ್ದವರಿಗೆ. ಮಳೆ ಕೈಕೊಟ್ಟರೆ ಬರುವ ಪರಿಹಾರ ಹೊಲದ ಮಾಲೀಕರ ಖಾತೆಗೆ. ಬೀಜ, ಗೊಬ್ಬರ, ಕೂಲಿ ಎಲ್ಲ ಹಾಕಿದವನು ಕೈಸಾಲಕ್ಕೆ ಬಡ್ಡಿ ಕಟ್ಟುತ್ತಾ ಕೂತಿರುತ್ತಾನೆ. ಬೆಳೆ ವಿಮೆಯಲ್ಲಿ ಗೇಣಿದಾರರಿಗೂ ಅವಕಾಶ ಇದೆ ಅಂತಾರೆ, ಕರಾರು ಪತ್ರ ತನ್ನಿ ಅಂತಲೂ ಕೇಳ್ತಾರೆ. ಕಾನೂನೇ ಒಪ್ಪದ ಕರಾರನ್ನು ಎಲ್ಲಿಂದ ತರೋದು? ಇನ್ನೊಂದು ಕಡೆ, ಪೇಟೆ ಸೇರಿದ ಎಷ್ಟೋ ಮಾಲೀಕರು, ಕೊಟ್ಟರೆ ಹೊಲ ಕೈತಪ್ಪುತ್ತೆ ಅನ್ನೋ ಭಯದಲ್ಲಿ ಬೀಳು ಬಿಟ್ಟಿದ್ದಾರೆ. ಪಕ್ಕದಲ್ಲೇ ಹುಡುಗರು ಕೆಲಸ ಇಲ್ಲ ಅಂತ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಆ ಬೀಳು ಹೊಲ ಗುತ್ತಿಗೆಗೆ ಸಿಕ್ಕರೆ ಇವರಿಗೆ ಊರಲ್ಲೇ ಕೆಲಸ. ಅರ್ಧ ಎಕರೆ ತರಕಾರಿಗೋ ಹೂವಿಗೋ ದಿನಾ ಕೈಗಳು ಬೇಕು ಸ್ವಾಮಿ, ಟ್ರ್ಯಾಕ್ಟರಲ್ಲಿ ಬಿತ್ತಿ ಬಿಡುವ ಜೋಳದ ಹಾಗಲ್ಲ.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ, ಆದಾಯ ಎಷ್ಟೇ ಇರಲಿ, ಕೃಷಿ ಜಮೀನು ಕೊಳ್ಳಬಹುದು ಅಂತ ಮಾಡಿದರು. ದುಡ್ಡಿದ್ದವರಿಗೆ ಕೊಳ್ಳುವ ಸ್ವಾತಂತ್ರ್ಯ, ರಟ್ಟೆ ಮಾತ್ರ ಇರುವವರಿಗೆ ಗುತ್ತಿಗೆಯೂ ಇಲ್ಲ! ಇದ್ಯಾವ ನ್ಯಾಯ?

ಆಂಧ್ರ 2019ರಲ್ಲೇ 11 ತಿಂಗಳ ಕರಾರಿನ ಕಾನೂನು ಮಾಡಿತು, ಒಡೆತನ ಮುಟ್ಟದೆ. ಸಹಿ ಹಾಕೋಕೆ ಮಾಲೀಕರು ಹಿಂಜರಿದಿದ್ದೂ ನಿಜ. ಹಾಗಾಗಿ ನಮ್ಮಲ್ಲಿ ಮಾಡುವಾಗ, ಈ ಕರಾರಿನಿಂದ ಒಡೆತನದ ಹಕ್ಕು ಹುಟ್ಟುವುದಿಲ್ಲ ಅಂತ ಮೊದಲ ಸಾಲಲ್ಲೇ ಬರೆಯಿರಿ. ಕೇರಳದ ಕುಟುಂಬಶ್ರೀ ಅನ್ನೋ ಮಹಿಳಾ ಸಂಘಗಳ ಹೆಂಗಸರು ಗುಂಪು ಕಟ್ಟಿಕೊಂಡು ಗುತ್ತಿಗೆ ಹೊಲದಲ್ಲಿ ಬೆಳೆದು ತೋರಿಸಿದ್ದಾರೆ, ನಮ್ಮ ಸ್ವಸಹಾಯ ಸಂಘಗಳಿಗೂ ಆ ಬಾಗಿಲು ತೆರೆಯಿರಿ.

ಮುಂದಿನ ಅಧಿವೇಶನದಲ್ಲಿ ಈ ತಿದ್ದುಪಡಿ ತರ್ತೀರಾ, ಇಲ್ವಾ? ಅಷ್ಟು ಹೇಳಿ ಸಾಕು.

ಇತಿ,
ಒಬ್ಬ ಮತದಾರ