ಸೋಡಾಬುಡ್ಡಿಗೆ, ಊಟಿಯಿಂದ ಬಂದ ಮೇಲೆ

ಪ್ರೀತಿಯ ಸೋಡಾಬುಡ್ಡಿ,

'ಹೆಂಗಿತ್ತೋ ಊಟಿ?' ಅಂತ ನೀನು ಕೇಳಿ ಬಹಳ ದಿನ ಆಯ್ತು. ನಾನು ಒಂದು ಹೆಬ್ಬೆರಳು ಕಳಿಸಿ ಸುಮ್ಮನಾಗಿಬಿಟ್ಟೆ. ಈಗ ಊರಿಗೆಲ್ಲ ಕಾಣೋ ಹಾಗೆ ಉತ್ತರ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಮಾತು ಹಾಸನದ ಏಳನೇ ನಂಬರ್ ರೂಮಿಗೇ ಹೋಗಿ ನಿಲ್ಲುತ್ತೆ. ಮೊದಲೇ ಹೇಳಿಬಿಡ್ತೀನಿ: ಅದಕ್ಕಿಂತ ಕಡೆಯಾಗಿತ್ತು. ಮೂರನೇ ಇಡ್ಲಿ ಆಣೆಗೂ.

ಬುಕ್ ಮಾಡುವಾಗ ನೋಡಿದ ರೂಮಿನ ಫೋಟೋದಲ್ಲಿ ಮರದ ನೆಲ, ಬಿಳಿ ಹಾಸಿಗೆ, ಕಿಟಕಿಯಾಚೆ ಕಣಿವೆ, ಕಣಿವೆ ತುಂಬ ಮಂಜು. ಹೋಗಿ ನೋಡಿದರೆ ಮರದ ನೆಲ ಅಂದರೆ ಮರದ ಚಿತ್ರ ಇರೋ ಪ್ಲಾಸ್ಟಿಕ್ ಹಾಳೆ. ಮೂಲೆಯಲ್ಲಿ ಎದ್ದು ಸುರುಳಿ ಸುತ್ತಿಕೊಂಡಿತ್ತು. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕು. ಅದು ತುಂಬಿ ಹರಿದಾಗ ಮಾತ್ರ ಜಲಪಾತದ ನೋಟ.

ಹಾಸಿಗೆ ಮೇಲೆ ಕೂತರೆ ಪ್ಯಾಂಟು ತಣ್ಣಗಾಗೋದು. ಊಟಿ 2,200 ಮೀಟರಿಗಿಂತ ಎತ್ತರ, ಮೇ ತಿಂಗಳಲ್ಲೂ ಮಳೆ ಬಂದರೆ ಬಟ್ಟೆ ಒಣಗಲ್ಲ, ಒಪ್ಪಿದೆ. ಆದರೆ ಆ ಕಂಬಳಿ ಅಂಗಡಿಯಿಂದ ಬಂದ ಮೇಲೆ ಒಂದು ಸಲವೂ ಒಣಗಿದ ಹಾಗಿರಲಿಲ್ಲ. ಗೋಡೆ ಮೇಲೆ ಸ್ವಿಟ್ಜರ್ಲೆಂಡಿನ ಸರೋವರದ ದೊಡ್ಡ ಪೋಸ್ಟರು. ಚಿಕ್ಕವಳು ಅದರ ಅಂಚು ಹಿಡಿದು ಎಳೆದಳು. ಹಿಂದೆ ಅಷ್ಟಗಲ ಕಪ್ಪು ಬೂಷ್ಟು, ಅದರ ಸುತ್ತ ಪೇಂಟು ಹಪ್ಪಳದ ಹಾಗೆ ಉಬ್ಬಿ ನಿಂತಿತ್ತು. ಬೆರಳಿಟ್ಟರೆ ಪುಡಿಪುಡಿ. ಅವಳಿಗೆ ಭಾರಿ ಖುಷಿ. ಬೊಟಾನಿಕಲ್ ಗಾರ್ಡನ್ನಿನ ಹೂವು, ಬೋಟು, ಕುದುರೆ ಯಾವುದೂ ಬೇಡ, ರೂಮಿಗೆ ಹೋಗಿ ಗೋಡೆ ಕೆರೆಯೋಣ ಅಂತ ಹಟ.

ಟಿವಿ ಇತ್ತು, ರಿಮೋಟು ರಿಸೆಪ್ಷನ್ನಿನಲ್ಲಿ. ಗೀಸರು ಇತ್ತು, ಬಿಸಿನೀರು ಅರ್ಧ ಬಕೆಟ್ಟು. ಮ್ಯಾನೇಜರನಿಗೆ ಏನೇ ಕೇಳಿದರೂ 'ಸೀಸನ್ ಸಾರ್' ಅಂತಿದ್ದ. ಬೂಷ್ಟಿಗೂ ಸೀಸನ್ನೇ.

ಬೇರೆ ಕಡೆ ಹೋಗೋಣ ಅಂದರೆ ಫ್ಲವರ್ ಶೋ ಸಮಯ, ರೂಮೇ ಇಲ್ಲ. ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ 2024ರ ಮೇ ತಿಂಗಳಿಂದ ಊಟಿಗೆ ಇ-ಪಾಸ್ ಬಂದಿದೆ. ಜನ ಕಡಿಮೆ ಇರ್ತಾರೆ ಅಂದುಕೊಂಡಿದ್ದೆ. ಗಾಡಿಗಳ ಲೆಕ್ಕ ಇಡ್ತಿದ್ದಾರೆ, ಕಂಬಳಿಗಳ ಲೆಕ್ಕ ಕೇಳೋರಿಲ್ಲ. ಟಾಯ್ ಟ್ರೈನ್ ಕಥೆಯೂ ಅಷ್ಟೇ. 1908ರಿಂದ ಊಟಿಗೆ ಬರ್ತಿರೋ ರೈಲು, ನಾವು ಹೋದ ದಿನ ಸೀಟಿಲ್ಲ. ಸ್ಟೇಷನ್ನಿಗೆ ಹೋಗಿ ಅದು ಹೊರಡೋದನ್ನ ನೋಡಿ ಕೈ ಬೀಸಿ ಬಂದೆವು. ದೊಡ್ಡವನು ಮುಖ ಊದಿಸಿಕೊಂಡು ನಿಂತಿರೋ ಫೋಟೋ ಇದೆ, ಕೆಳಗೆ ಹಾಕ್ತೀನಿ. ಗುರುಮೂರ್ತಿ ಮೇಷ್ಟ್ರ ಛತ್ರಿ ನೆನಪಾಗದಿದ್ದರೆ ಕೇಳು.

ಇಷ್ಟು ಬರೆದು, ನಾಲ್ಕು ಜನರನ್ನ ನಗಿಸಿ, ಮುಗಿಸೋಣ ಅಂತಿದ್ದೆ ಕಣೋ. ಆದರೆ ಅಮ್ಮನ ವಿಷಯ ಬಿಟ್ಟರೆ ನಿನಗೆ ಸುಳ್ಳು ಬರೆದ ಹಾಗಾಗುತ್ತೆ.

ಮೊದಲ ಸಂಜೆ ಕರೆಂಟು ಹೋಯಿತು. ನಾನು ಕೆಳಗೆ ಜಗಳಕ್ಕೆ ನಿಂತಿದ್ದೆ. ಮೇಲೆ ಬಂದರೆ ಅಮ್ಮ ಇಲ್ಲ. ಹುಡುಕಿಕೊಂಡು ಹೋದರೆ ಹಿಂದುಗಡೆ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ. ಎದುರಿಗೆ ಅಡುಗೆ ಮಾಡೋ ಹೆಂಗಸು, ನೀಲಗಿರಿಯ ಬಡಗ ಸಮುದಾಯದವರು, ಕೋತಗಿರಿ ಕಡೆಯ ಯಾವುದೋ ಹಟ್ಟಿ. ಅಮ್ಮ ನಗುತ್ತಿದ್ದಳು. ಮನೆಯಲ್ಲಿ ನಗೋ ಹಾಗಲ್ಲ, ಬಾಯಿಗೆ ಸೆರಗು ಅಡ್ಡ ಹಿಡಿಯದೆ, ಜೋರಾಗಿ.

ಅಮ್ಮ ಗುಂಡ್ಲುಪೇಟೆ ಕಡೆಯವಳು, ನಿನಗೆ ಗೊತ್ತು. ಬಡಗರ ಹಿರಿಯರೂ ಮೈಸೂರು ಸೀಮೆಯಿಂದಲೇ ಬೆಟ್ಟ ಹತ್ತಿದವರು ಅಂತಾರೆ. ಅವರ ಮಾತು ನನಗೆ ಅಲ್ಲೊಂದು ಇಲ್ಲೊಂದು ತಿಳಿಯೋದು, ಅಮ್ಮನಿಗೆ ಮಾತ್ರ ಎಲ್ಲೂ ತಡೆಯಲಿಲ್ಲ. ಇವಳು ತನ್ನ ಕನ್ನಡದಲ್ಲಿ, ಅವರು ತಮ್ಮ ಬಡಗದಲ್ಲಿ, ರಾತ್ರಿ ಊಟದ ಹೊತ್ತಿಗೆ ಇಬ್ಬರೂ ಸೊಸೆಯಂದಿರ ವಿಚಾರಕ್ಕೆ ಬಂದಿದ್ದರು. ನಮಗೆಲ್ಲ ಒಣಗಿದ ಚಪಾತಿ. ಅಮ್ಮನಿಗೆ ಒಳಗೆ ರಾಗಿ ಹಿಟ್ಟು, ಸೊಪ್ಪಿನ ಸಾರು. ನಾನು ಬಾಗಿಲಲ್ಲಿ ನಿಂತರೂ 'ನೀನೂ ತಿನ್ನು ಬಾ' ಅನ್ನಲಿಲ್ಲ.

ಅಲ್ಲಿ ನಿಂತು ಕೇಳಿಸಿಕೊಂಡೆ. ಅಮ್ಮ ಮದುವೆಗೆ ಮುಂಚೆ ಅವಳಪ್ಪನ ಜೊತೆ ತರಕಾರಿ ಲಾರಿಯಲ್ಲಿ ಊಟಿಗೆ ಬಂದಿದ್ದಳಂತೆ. ಒಂದು ಸಲ ಅಲ್ಲ, ಎಷ್ಟೋ ಸಲ. ಸಂತೆ ಎಲ್ಲಿ ಸೇರ್ತಿತ್ತು, ಚಳಿಗೆ ಗೋಣಿಚೀಲ ಹೊದ್ದು ಎಲ್ಲಿ ಮಲಗ್ತಿದ್ದರು, ಎಲ್ಲ ಹೇಳ್ತಿದ್ದಳು.

ಆ ಬೆಳಿಗ್ಗೆ ತಾನೇ ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿ ಹತ್ತುವಾಗ ನಾನು ಏನು ಮಾಡಿದ್ದೆ ಗೊತ್ತಾ? ಮೂವತ್ತಾರು ತಿರುವಿನ ಉದ್ದಕ್ಕೂ ಗೈಡ್ ಕೆಲಸ. ನೀಲಗಿರಿ ಮರ ಅಂದರೆ ಏನು, ದೊಡ್ಡಬೆಟ್ಟ ಎಷ್ಟು ಎತ್ತರ, ಎಲ್ಲ. ಮೇಲೆ ಬಂದ ಮೇಲೆ ಗಾಡಿ ನಿಲ್ಲಿಸಿ, 'ನೋಡಮ್ಮ, ಇದೇ ಟೀ ಗಿಡ' ಅಂತ ತೋರಿಸಿದ್ದೆ. ಅವಳು 'ಹೌದಾ' ಅಂದಿದ್ದಳು. ಬರೀ 'ಹೌದಾ'.

ಇನ್ನೊಂದು. ಹೋಗುವಾಗ ಗುಂಡ್ಲುಪೇಟೆ ಹತ್ತಿರ ಅವಳ ಊರಿನ ದಾರಿ ಬಂತು. 'ಇಲ್ಲೇ ಒಳಕ್ಕೆ' ಅಂದಳು. ಬರ್ತಾ ನಿಲ್ಲಿಸೋಣ ಅಂದೆ, ಚೆಕ್-ಇನ್‌ಗೆ ತಡ ಆಗುತ್ತೆ ಅಂತ. ಆ ರೂಮಿನ ಚೆಕ್-ಇನ್‌ಗೆ! ಬರುವಾಗ ಹೊರಗಿನ ಗಾಡಿಗಳನ್ನ ಕಲ್ಲಟ್ಟಿ ಕಡೆ ಇಳಿಯೋಕೆ ಬಿಡಲ್ಲ, ಗೂಡಲೂರು ಸುತ್ತಿ ಬರಬೇಕು. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಹಾಕ್ತಾರೆ. ಅದಕ್ಕೂ ಮುಂಚೆ ದಾಟಬೇಕು ಅಂತ ಓಡಿಸಿಕೊಂಡು ಬಂದೆ. ಗುಂಡ್ಲುಪೇಟೆ ಸೇರುವಾಗ ಕತ್ತಲೆ. ಅಮ್ಮ ಏನೂ ಕೇಳಲಿಲ್ಲ. ನಾನೂ ಆ ಕಡೆ ನೋಡಲಿಲ್ಲ.

'ಅಮ್ಮ ಅಲ್ಲಿ ಒಬ್ಬಳೇ ಇರ್ತಾಳಲ್ಲ ಪಾಪ, ಅದಕ್ಕೆ ಬೆಂಗಳೂರಿಗೆ ಕರ್ಕೊಂಡು ಬಂದೆ' ಅಂತ ಎಲ್ಲರ ಹತ್ತಿರ ಹೇಳ್ತೀನಿ. ನಿನಗೂ ಹಾಗೇ ಹೇಳಿದ್ದೆ. ನಿಜ ಏನು ಅಂದರೆ, ಆಗ ಚಿಕ್ಕವಳು ಹುಟ್ಟಿದ್ದಳು. ನನ್ನ ಹೆಂಡತಿಯ ರಜೆ ಮುಗಿಯೋದರಲ್ಲಿತ್ತು. ಮಗು ನೋಡಿಕೊಳ್ಳೋರು ಕೇಳಿದ ಸಂಬಳಕ್ಕೆ ನನ್ನ ತಲೆ ತಿರುಗಿತ್ತು. ಅಮ್ಮನ ಮನೆಗೆ ಬೀಗ ಬಿತ್ತು. ಹಸುವನ್ನ ಯಾರಿಗೋ ಕೊಟ್ಟಳು. ಇದು ನಿನಗೆ ಗೊತ್ತಿತ್ತು ಅನ್ಸುತ್ತೆ. ಗೊತ್ತಿದ್ದೂ ನೀನು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ನಿನ್ನ ಮೇಲೆ ಸ್ವಲ್ಪ ಸಿಟ್ಟೂ ಇದೆ.

ನಮ್ಮ ಫ್ಲ್ಯಾಟಿನಲ್ಲಿ ಅವಳಿಗೆ ಬೇರೆ ರೂಮಿದೆ. ಯಾವಾಗ ತಿರುಗಿಸಿದರೂ ಬಿಸಿನೀರು. ಎದುರುಮನೆಯವರನ್ನ ಕಂಡರೆ ನಗ್ತಾಳೆ, ಅವರೂ ನಗ್ತಾರೆ, ಬಾಗಿಲು ಹಾಕಿಕೊಳ್ತಾರೆ. ಲಿಫ್ಟು ಅಂದರೆ ಭಯ, ಒಬ್ಬಳೇ ಕೆಳಗೆ ಇಳಿಯಲ್ಲ. ಅವಳದು ಮಾತು ಕಡಿಮೆ, ಮೊದಲಿಂದಲೂ ಹಾಗೇ, ಅಂತ ನಾನು ಮಕ್ಕಳಿಗೆ ಹೇಳಿಕೊಂಡು ಬಂದಿದ್ದೆ.

ಊಟಿಯ ಆ ಹಾಳು ಅಡುಗೆಮನೆ. ಅಲ್ಲೊಂದು ಹೊಗೆಯಾದರೂ ಇದ್ದಿದ್ದರೆ ಕಣ್ಣಲ್ಲಿ ನೀರು ಬಂದದ್ದಕ್ಕೆ ಕಾರಣ ಸಿಗ್ತಿತ್ತು.

ಸಾಕು, ಜಾಸ್ತಿ ಆಯ್ತು. ಆಫೀಸಿನವರೂ ಇದನ್ನ ಓದ್ತಾರೆ, ನಾಳೆ ಕಾಫಿ ಹೊತ್ತಿಗೆ ಯಾರಾದರೂ ಬಂದು ಬೆನ್ನು ತಟ್ಟಿದರೆ ನಿನ್ನನ್ನ ಸುಮ್ಮನೆ ಬಿಡಲ್ಲ.

ಆ ಜಾಗಕ್ಕೆ ಒಂದು ಸ್ಟಾರ್ ಕೊಟ್ಟು, ಎರಡು ಪುಟದ ರಿವ್ಯೂ ಬರೆದಿಟ್ಟಿದ್ದೆ. ಶೈಲಿ ಚೆನ್ನಾಗಿತ್ತು, ಸಾಹಿತ್ಯ ಸಮ್ಮೇಳನದಲ್ಲಿ ಓದಬಹುದಿತ್ತು. ಹಾಕೋಕೆ ಮುಂಚೆ ಅಮ್ಮನಿಗೆ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, 'ಅಡುಗೆಯವಳ ಕೆಲಸಕ್ಕೆ ಏನೂ ಆಗಲ್ಲ ತಾನೇ?' ಅಂದಳು. ಅದು ಇನ್ನೂ ಫೋನಿನಲ್ಲೇ ಕೂತಿದೆ. ಮುಂದಿನ ವರ್ಷವೂ ಅಲ್ಲಿಗೇ ಹೋಗಬೇಕಂತೆ. ಚಿಕ್ಕವಳದೂ ಅದೇ ಓಟು, ಗೋಡೆ ಅರ್ಧ ಬಾಕಿ ಇದೆಯಲ್ಲ. ನನ್ನ ಹೆಂಡತಿ ಮಾತ್ರ ಒಂದೇ ಮಾತು ಹೇಳಿದ್ದಾಳೆ: ಕಂಬಳಿ ಮನೆಯಿಂದ, ರೂಮ್ ಬುಕಿಂಗು ನಿನ್ನಿಂದ. ನಿನ್ನಿಂದ ಅಂದರೆ ನಿನ್ನಿಂದಲೇ, ಸೋಡಾಬುಡ್ಡಿ. ನನ್ನ ಕೈಯಿಂದ ಆ ಅಧಿಕಾರ ಕಿತ್ತುಕೊಂಡಾಗಿದೆ. ಹಾಸನದ ಅನುಭವ ಇರೋನು ನೀನೊಬ್ಬನೇ ಅಂತೆ.

ಇಂತಿ ನಿನ್ನ
ಅರ್ಧ ಟಿಕೆಟ್

ತಾ.ಕ.: ನಿನಗೆ ಅಂತಲೇ ಊಟಿ ವರ್ಕಿ ಬಿಸ್ಕತ್ತು ತಂದಿದ್ದೆ. ಡಬ್ಬದ ಮೇಲೆ ದೊಡ್ಡವನು ಕೂತುಬಿಟ್ಟ. ಪುಡಿ ಇದೆ, ಚಮಚ ತಗೊಂಡು ಬಾ.